ಗೋಟು 583: ಏಜೆಂಟ್‌ಗಾಗಿ ಟೂಲ್ ವಿವರಣೆ ಬರೆದ ಒಂದು ಪ್ರಕರಣ

ಎಐ ಮಾಡೆಲ್ ತಾನೇ ಕಮಾಂಡ್ ಕೊಟ್ಟು ಕೋಡ್‌ನ ತಪ್ಪು ತಿದ್ದುವಂತೆ ಮಾಡುವ ತಂತ್ರಾಂಶ ಸ್ವೀ-ಏಜೆಂಟ್. ಅದು ಮಾಡೆಲ್‌ಗೆ ಕೊಡುತ್ತಿದ್ದ ಸೂಚನೆಗಳಲ್ಲಿ ಒಂದು ಸಾಲು ನನಗೆ ಬಹಳ ಇಷ್ಟ. ಅದರ ಸಾರ ಇಷ್ಟು: ಫೈಲ್ ತೆರೆದಿದ್ದೀರಿ, ಬೇಕಾದ ಜಾಗ ಮೊದಲ 100 ಸಾಲಿನಲ್ಲಿ ಇಲ್ಲ, 583ನೇ ಸಾಲಿನ ಹತ್ತಿರ ಇದೆ ಅಂತಿಟ್ಟುಕೊಳ್ಳಿ; ಸುಮ್ನೆ ಮತ್ತೆ ಮತ್ತೆ ಸ್ಕ್ರೋಲ್ ಮಾಡಬೇಡಿ, ‘ಗೋಟು 583’ ಅಂತ ಕೊಡಿ, ಬೇಗ ಆಗುತ್ತದೆ.

ಗೋಟು ಎಂಬ ಕಮಾಂಡ್ ಇದೆ, ಅದು ಇಂಥ ಕೆಲಸ ಮಾಡುತ್ತದೆ ಅಂತ ಅದೇ ಸೂಚನೆಗಳಲ್ಲಿ ಮೇಲೆಯೇ ಹೇಳಿದೆ. ಲೆಕ್ಕಕ್ಕೆ ಡಾಕ್ಯುಮೆಂಟೇಶನ್ ಅಲ್ಲಿಗೇ ಮುಗಿಯಬೇಕಿತ್ತು. ಆದರೂ ಈ ಸಾಲು ಬೇಕಾಯಿತು. ಓದಿದರೇ ಗೊತ್ತಾಗುತ್ತದೆ, ಇದು ಕೂತು ಯೋಚಿಸಿ ಬರೆದದ್ದಲ್ಲ. ಮಾಡೆಲ್ ಒಂದೇ ಸಮ ಸ್ಕ್ರೋಲ್ ಮಾಡುವುದನ್ನು ನೋಡಿ ನೋಡಿ ಸಾಕಾದವರು ಬರೆಯುವ ಸಾಲು. ಏಜೆಂಟ್‌ಗೆ (ಹೀಗೆ ತಾನೇ ಹೆಜ್ಜೆ ಹೆಜ್ಜೆಯಾಗಿ ಕೆಲಸ ಮಾಡುವ ಮಾಡೆಲ್‌ಗೆ) ಟೂಲ್ (ಅದು ಬಳಸುವ ಕಮಾಂಡ್) ವಿವರಿಸುವ ಕೆಲಸದ ಬಗ್ಗೆ ಏನಾದರೂ ಕಲಿಯಬೇಕಿದ್ದರೆ ಈ ಪ್ರಕರಣದಿಂದಲೇ ಶುರು ಮಾಡಬೇಕು ಅನ್ನುವುದು ನನ್ನ ಅಭಿಪ್ರಾಯ. ಕಾರಣ ಸರಳ. ಇಲ್ಲಿ ಒಂದೊಂದು ಬದಲಾವಣೆಯ ಪರಿಣಾಮವನ್ನೂ ಬೇರೆ ಬೇರೆಯಾಗಿ ಅಳೆದಿದ್ದಾರೆ.

ಹಿನ್ನೆಲೆ

2023ರ ಅಕ್ಟೋಬರ್‌ನಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು ಸ್ವೀ-ಬೆಂಚ್ ಎಂಬ ಪರೀಕ್ಷೆ ಹೊರತಂದರು. ಜಾಂಗೊ, ಸಿಂಪೈ, ಮ್ಯಾಟ್‌ಪ್ಲಾಟ್‌ಲಿಬ್ ಥರದ 12 ಪೈಥಾನ್ ಪ್ರಾಜೆಕ್ಟ್‌ಗಳಿಂದ ಆರಿಸಿದ 2,294 ಸಮಸ್ಯೆಗಳು ಅದರಲ್ಲಿವೆ. ಒಂದೂ ಕಟ್ಟುಕಥೆಯಲ್ಲ. ಕೋಡ್ ಹಂಚಿಕೊಳ್ಳುವ ತಾಣ ಗಿಟ್‌ಹಬ್‌ನಲ್ಲಿ ಯಾರೋ ಬರೆದ ದೂರು ಇರುತ್ತದೆ, ಆ ಹೊತ್ತಿನ ಇಡೀ ಕೋಡ್ ಇರುತ್ತದೆ. ಮಾಡೆಲ್ ಬಗ್ ಸರಿಪಡಿಸಬೇಕು. ಪ್ರಾಜೆಕ್ಟ್‌ನವರದ್ದೇ ಟೆಸ್ಟ್‌ಗಳು ಪಾಸ್ ಆದರೆ ಅಂಕ. ಮೊದಲ ಸುತ್ತಿನಲ್ಲಿ ಎಲ್ಲಕ್ಕಿಂತ ಮುಂದಿದ್ದ ಕ್ಲಾಡ್ 2 ಎಂಬ ಮಾಡೆಲ್ ಬಿಡಿಸಿದ್ದು 1.96% ಮಾತ್ರ.

ಆಗ ಮಾಡೆಲ್‌ಗೆ ಕೈಕಾಲು ಇರಲಿಲ್ಲ. ದೂರನ್ನೂ ಒಂದಿಷ್ಟು ಫೈಲ್‌ಗಳನ್ನೂ ಒಟ್ಟಿಗೆ ಕೊಟ್ಟು ‘ಉತ್ತರ ಬರಿ’ ಅನ್ನುತ್ತಿದ್ದರು. 2024ರ ವಸಂತದಲ್ಲಿ ಅದೇ ಗುಂಪಿನ ಜಾನ್ ಯಾಂಗ್, ಕಾರ್ಲೋಸ್ ಹಿಮೆನೆಜ್ ಮತ್ತು ಸಂಗಡಿಗರು ಸ್ವೀ-ಏಜೆಂಟ್ ತಂದರು. ಇಲ್ಲಿ ಮಾಡೆಲ್ ತಾನೇ ಕಮಾಂಡ್ ಕೊಡುತ್ತದೆ, ಬಂದ ಉತ್ತರ ನೋಡುತ್ತದೆ, ಮುಂದಿನದನ್ನು ತೀರ್ಮಾನಿಸುತ್ತದೆ. ಮಾಡೆಲ್ ಜಿಪಿಟಿ-4 ಟರ್ಬೊ. ಒಂದು ಸಮಸ್ಯೆಗೆ 4 ಡಾಲರ್‌ಗಿಂತ ಜಾಸ್ತಿ ಖರ್ಚು ಮಾಡುವಂತಿಲ್ಲ.

ಅವರು ಹಿಡಿದ ಪ್ರಶ್ನೆ ನನಗೆ ಹಿಡಿಸಿತು. ಮಾಡೆಲ್‌ನ ಒಳಗೆ ಏನೂ ಮುಟ್ಟುವುದಿಲ್ಲ, ಅದರ ಕೈಗೆ ಕೊಡುವ ಟೂಲ್‌ಗಳನ್ನೂ ಅವುಗಳ ವಿವರಣೆಯನ್ನೂ ಮಾತ್ರ ಬದಲಿಸುತ್ತೇವೆ; ಎಷ್ಟು ವ್ಯತ್ಯಾಸ ಬರುತ್ತದೆ?

ಟರ್ಮಿನಲ್ ಕೊಟ್ಟರೆ ಸಾಲದೇ?

ಇಂಜಿನಿಯರ್‌ಗಳಿಗೆ ಮೊದಲು ಹೊಳೆಯುವುದು ಇದೇ. ಕಮಾಂಡ್ ಟೈಪ್ ಮಾಡುವ ಲಿನಕ್ಸ್ ಟರ್ಮಿನಲ್ ಇದೆ, ಅದರಲ್ಲಿ ಫೈಲ್ ತೋರಿಸುವ ಕ್ಯಾಟ್ ಇದೆ, ಹುಡುಕುವ ಗ್ರೆಪ್ ಇದೆ, ಸಾಲು ಬದಲಿಸುವ ಸೆಡ್ ಇದೆ. ಐವತ್ತು ವರ್ಷದಿಂದ ಜನ ಬಳಸುತ್ತಿದ್ದಾರೆ. ಅದನ್ನೇ ಕೊಟ್ಟುಬಿಡಿ, ಅಲ್ವಾ?

ಕೊಟ್ಟು ನೋಡಿದರು. ಸ್ವೀ-ಬೆಂಚ್‌ನದೇ 300 ಸಮಸ್ಯೆಗಳ ಚಿಕ್ಕ ಪಟ್ಟಿಯಲ್ಲಿ ಬರೀ ಟರ್ಮಿನಲ್ ಹಿಡಿದ ಏಜೆಂಟ್ 11% ಬಿಡಿಸಿತು. ಹೊಸ ಟೂಲ್‌ಗಳನ್ನು ಕೊಟ್ಟಾಗ ಅದೇ ಮಾಡೆಲ್ 18% ಬಿಡಿಸಿತು. ಇಡೀ ಪಟ್ಟಿಯಲ್ಲಿ ಸುಮಾರು 12.5%.

ಸಂಖ್ಯೆಗಿಂತ ಮಜಾ ಇರುವುದು ಎಲ್ಲಿ ಎಡವಿತು ಅನ್ನುವುದರಲ್ಲಿ. ಸೆಡ್‌ನಿಂದ ಒಂದು ಸಾಲು ಬದಲಿಸಿದರೆ ಟರ್ಮಿನಲ್ ಏನೂ ಹೇಳುವುದಿಲ್ಲ. ಬದಲಾಯಿತೋ ಇಲ್ಲವೋ, ಬೇರೆ ಸಾಲು ಬದಲಾಯಿತೋ, ಏನೂ ಗೊತ್ತಿಲ್ಲ. ಮನುಷ್ಯರಿಗೆ ಈ ಮೌನ ಅಭ್ಯಾಸವಾಗಿದೆ. ಬೈಗುಳ ಬಂದಿಲ್ಲ ಅಂದರೆ ಕೆಲಸ ಆಗಿದೆ ಅಂತ ಅರ್ಥ ಮಾಡಿಕೊಳ್ಳುತ್ತೇವೆ, ಅನುಮಾನ ಬಂದರೆ ಫೈಲ್ ತೆರೆದು ಒಂದು ಕಣ್ಣು ಹಾಯಿಸುತ್ತೇವೆ. ಮಾಡೆಲ್‌ಗೆ ಖಾಲಿ ಉತ್ತರ ಬಂದರೆ ಅದನ್ನು ಏನು ಅಂತ ಓದಬೇಕು? ಹಾಗಾಗಿ ಸ್ವೀ-ಏಜೆಂಟ್‌ನಲ್ಲಿ ಕಮಾಂಡ್ ಏನೂ ಹೇಳದೆ ಮುಗಿದಾಗ, ‘ನಿಮ್ಮ ಕಮಾಂಡ್ ಸರಿಯಾಗಿ ನಡೆಯಿತು, ಅದರಿಂದ ಯಾವ ಔಟ್‌ಪುಟ್ಟೂ ಬರಲಿಲ್ಲ’ ಎಂಬ ಅರ್ಥದ ಒಂದು ವಾಕ್ಯ ಹಿಂದಿರುಗುತ್ತದೆ. ಬರೀ ಒಂದು ವಾಕ್ಯ. ಇದನ್ನು ಡಾಕ್ಯುಮೆಂಟೇಶನ್ ಅಂತ ಯಾರೂ ಕರೆಯುವುದಿಲ್ಲ. ಕರೆಯಬೇಕು ಅನ್ನುವುದು ನನ್ನ ವಾದ. ಏಜೆಂಟ್ ಮ್ಯಾನ್ಯುಯಲ್ ಹುಡುಕಿಕೊಂಡು ಹೋಗುವುದಿಲ್ಲ, ಪಕ್ಕದ ಸೀಟಿನವರನ್ನು ಕೇಳುವುದಿಲ್ಲ, ನಿನ್ನೆ ಆದದ್ದು ಇವತ್ತು ನೆನಪಿರುವುದಿಲ್ಲ. ಶುರುವಿನಲ್ಲಿ ಕೊಟ್ಟ ವಿವರಣೆ, ಆಮೇಲೆ ಟೂಲ್ ಬಾಯಿಂದ ಬರುವ ಉತ್ತರ, ಅದರ ಪಾಲಿಗೆ ಇರುವುದೇ ಇಷ್ಟು ಓದು.

ಎಡಿಟ್ ಕಮಾಂಡ್, ಹತ್ತಿರದಿಂದ

ಆಗಿನ ಸ್ವೀ-ಏಜೆಂಟ್‌ನ ಎಡಿಟ್ ಕಮಾಂಡ್ ಸಾಲಿನ ಸಂಖ್ಯೆ ಕೇಳುತ್ತಿತ್ತು. ಇಂಥ ಸಾಲಿನಿಂದ ಇಂಥ ಸಾಲಿನವರೆಗೆ ತೆಗೆದು ಇದನ್ನು ಹಾಕು ಅಂತ ಹೇಳಿ, ಕೊನೆಯಲ್ಲಿ ಮುಗಿಯಿತು ಎಂಬ ಗುರುತು ಹಾಕಬೇಕಿತ್ತು. ಅದರ ವಿವರಣೆಯ ಜೊತೆ ಒಂದು ಎಚ್ಚರಿಕೆ ಇತ್ತು: ಪ್ರಿಂಟ್ ಸಾಲಿನ ಮುಂದೆ ಎಂಟು ಸ್ಪೇಸ್ ಬೇಕಿದ್ದರೆ ಆ ಎಂಟೂ ಸ್ಪೇಸ್ ಬರೆಯಲೇಬೇಕು. ಪೈಥಾನ್ ಬರೆದವರಿಗೆ ಇದರ ನೋವು ಗೊತ್ತು. ಸ್ಪೇಸ್ ತಪ್ಪಿದರೆ ಕೋಡ್ ತಪ್ಪು.

ಎಚ್ಚರಿಕೆ ಕೊಟ್ಟರೆ ತಪ್ಪು ನಿಲ್ಲುತ್ತದೆಯೇ? ಇಲ್ಲ. ಸಮಸ್ಯೆ ಬಿಡಿಸಲು ಹೊರಟ ಅರ್ಧಕ್ಕಿಂತ ಹೆಚ್ಚು, 51.7% ಓಟಗಳಲ್ಲಿ ಒಮ್ಮೆಯಾದರೂ ಎಡಿಟ್ ವಿಫಲವಾಗಿದೆ. ಇನ್ನೂ ಕುತೂಹಲದ ಲೆಕ್ಕವೊಂದಿದೆ. ಎಡಿಟ್ ಮಾಡಲು ಹೊರಟ ಏಜೆಂಟ್ ಕೊನೆಗೂ ಅದನ್ನು ಸರಿಯಾಗಿ ಮುಗಿಸುವ ಸಾಧ್ಯತೆ 90.5%. ಒಂದೇ ಒಂದು ಸಲ ಎಡವಿದ ಮೇಲೆ ಅದು 57.2%ಗೆ ಇಳಿಯುತ್ತದೆ. ಅಂದರೆ ಮೊದಲ ತಪ್ಪಾದ ಆ ಕ್ಷಣವೇ ದುಬಾರಿ. ವಿವರಣೆ ನಿಜವಾಗಿ ಬೇಕಾಗಿರುವುದೂ ಆಗಲೇ.

ಆ ಕ್ಷಣಕ್ಕೆ ಅವರು ಮಾಡಿದ ವ್ಯವಸ್ಥೆ ಇದು. ಏಜೆಂಟ್ ಎಡಿಟ್ ಕೊಟ್ಟ ಕೂಡಲೇ ಫ್ಲೇಕ್8 ಎಂಬ ಲಿಂಟರ್ (ಕೋಡ್‌ನಲ್ಲಿ ತಪ್ಪು ಹುಡುಕುವ ತಂತ್ರಾಂಶ) ಓಡುತ್ತದೆ. ಹೊಸದಾಗಿ ಸಿಂಟ್ಯಾಕ್ಸ್ ತಪ್ಪು, ಅಂದರೆ ಕೋಡ್‌ನ ವ್ಯಾಕರಣದ ತಪ್ಪು, ನುಸುಳಿದ್ದರೆ ಆ ಎಡಿಟ್ ಫೈಲ್‌ಗೆ ಹೋಗುವುದೇ ಇಲ್ಲ. ಬದಲಿಗೆ ಏಜೆಂಟ್‌ಗೆ ಉತ್ತರ ಬರುತ್ತದೆ: ಬಂದ ತಪ್ಪು ಇದು, ನಿಮ್ಮ ಎಡಿಟ್ ಹಾಕಿದ್ದರೆ ಕೋಡ್ ಹೀಗೆ ಕಾಣುತ್ತಿತ್ತು, ಮೊದಲಿದ್ದ ಕೋಡ್ ಇದು. ಅದರ ಕೆಳಗೆ, ಎಡಿಟ್ ಹಾಕಿಲ್ಲ, ಕಮಾಂಡ್ ಸರಿಪಡಿಸಿ ಮತ್ತೆ ಕೊಡಿ, ಅದೇ ಕಮಾಂಡನ್ನು ಇದ್ದಹಾಗೆ ಮತ್ತೆ ಕೊಡಬೇಡಿ, ಕೊಟ್ಟರೆ ಅದೇ ತಪ್ಪು ಬರುತ್ತದೆ ಅಂತ.

ಆ ಕೊನೆಯ ಮಾತು ಮೊದಲ ಸಲ ಓದಿದಾಗ ನಗು ಬಂತು. ತಪ್ಪಾದದ್ದನ್ನೇ ಮತ್ತೆ ಕೊಡಬೇಡ ಅಂತ ಯಾರಿಗಾದರೂ ಹೇಳಬೇಕೇ? ಏಜೆಂಟ್‌ಗಳ ಲಾಗ್ (ಏನೇನು ಮಾಡಿತು ಎಂಬ ದಾಖಲೆ) ಓದುವ ಅಭ್ಯಾಸ ಇದ್ದವರು ನಗುವುದಿಲ್ಲ.

ಇದರ ಬೆಲೆ ಎಷ್ಟು ಅಂತಲೂ ಅಳೆದರು. ಎಡಿಟ್ ಕಮಾಂಡ್ ಇಲ್ಲದೆ 10.3%. ಎಡಿಟ್ ಇದೆ, ಲಿಂಟರ್ ಇಲ್ಲ ಅಂದರೆ 15%. ಎರಡೂ ಇದ್ದರೆ 18%. ಮೊದಲೇ ಕೊಟ್ಟ ಎಚ್ಚರಿಕೆ ತಡೆಯಲಾಗದ್ದನ್ನು ಎಡವಿದ ಜಾಗದಲ್ಲೇ ಸಿಕ್ಕ ಮೂರು ತುಣುಕು ಮಾಹಿತಿ ಸ್ವಲ್ಪಮಟ್ಟಿಗೆ ತಡೆಯಿತು.

ಜಾಸ್ತಿ ತೋರಿಸಿದರೆ ಒಳ್ಳೆಯದಲ್ಲ

ಹುಡುಕಾಟದ ಟೂಲ್‌ನ ಕಥೆ ಉಲ್ಟಾ. ಮೊದಲು ನಮ್ಮ ಎಡಿಟರ್‌ಗಳಲ್ಲಿ ಇರುವಂಥದ್ದನ್ನೇ ಕೊಟ್ಟು ನೋಡಿದರು. ಹುಡುಕಿದ ಪದ ಸಿಕ್ಕಿದ ಮೊದಲ ಜಾಗ ತೋರಿಸುತ್ತದೆ, ‘ಮುಂದಿನದು’ ಅಂದರೆ ಎರಡನೆಯದು, ಮತ್ತೆ ‘ಮುಂದಿನದು’. ನಾವು ನಾಲ್ಕೈದು ನೋಡಿ, ಇದಲ್ಲ ಅನಿಸಿದರೆ ಬಿಟ್ಟುಬಿಡುತ್ತೇವೆ. ಏಜೆಂಟ್ ಬಿಡಲಿಲ್ಲ. ಒಂದೊಂದನ್ನೇ ನೋಡುತ್ತಾ ಹೋಯಿತು, ಪಟ್ಟಿ ಮುಗಿಯುವ ತನಕ, ಇಲ್ಲವೇ ದುಡ್ಡು ಮುಗಿಯುವ ತನಕ. ಫಲಿತಾಂಶ 12%. ಹುಡುಕುವ ವಿಶೇಷ ಟೂಲ್ ಏನೂ ಕೊಡದಿದ್ದಾಗ 15.7% ಬಂದಿತ್ತು. ಒಳ್ಳೆಯ ಟೂಲ್ ಕೊಟ್ಟೆವು ಅಂದುಕೊಂಡರು, ಇಲ್ಲದಿದ್ದುದಕ್ಕಿಂತ ಕಡೆಯಾಯಿತು.

ಕೊನೆಗೆ ಉಳಿದದ್ದು ಸಾರಾಂಶ ಕೊಡುವ ಹುಡುಕಾಟ. ಯಾವ ಫೈಲ್‌ನಲ್ಲಿ ಎಷ್ಟು ಸಲ ಸಿಕ್ಕಿತು ಅನ್ನುವುದಷ್ಟೇ ಒಂದು ಪಟ್ಟಿಯಲ್ಲಿ ಬರುತ್ತದೆ. 50ಕ್ಕಿಂತ ಜಾಸ್ತಿ ಸಿಕ್ಕರೆ ಪಟ್ಟಿಯೂ ಇಲ್ಲ. ತುಂಬಾ ಸಿಕ್ಕಿದೆ, ಇನ್ನಷ್ಟು ಖಚಿತವಾಗಿ ಹುಡುಕಿ ಎಂಬ ಮಾತು ಬರುತ್ತದೆ. ಇದರಿಂದ 18%.

ಫೈಲ್ ತೋರಿಸುವ ಟೂಲ್‌ನಲ್ಲೂ ಹಾಗೇ. ಒಮ್ಮೆಗೆ 30 ಸಾಲು ತೋರಿಸಿದಾಗ 14.3%, ಇಡೀ ಫೈಲ್ ತೋರಿಸಿದಾಗ 12.7%, 100 ಸಾಲಿಗೆ 18%. ಗೋಟು 583 ಎಂಬ ಸಾಲು ಹುಟ್ಟಿದ್ದು ಈ 100ರ ಕಿಟಕಿಯಿಂದ. ಒಂದು ಕಡೆ ಮಿತಿ ಹಾಕಿದರೆ ಇನ್ನೊಂದು ಕಡೆ ಒಂದು ಸಾಲು ವಿವರಣೆ ಬರೆಯಬೇಕಾಗುತ್ತದೆ.

ನಮ್ಮಲ್ಲಿ ಟೂಲ್ ವಿವರಣೆ ಬರೆಯುವವರು ಸಾಮಾನ್ಯವಾಗಿ ‘ಇರಲಿ, ಇದನ್ನೂ ಸೇರಿಸೋಣ’ ಅನ್ನುವ ಮನಸ್ಸಿನವರು. ಡೇಟಾಬೇಸ್‌ನ ನಲವತ್ತು ಕಾಲಮ್‌ಗಳನ್ನೂ ಉತ್ತರದಲ್ಲಿ ಕಳಿಸುತ್ತಾರೆ, ಯಾರಿಗಾದರೂ ಬೇಕಾದೀತು ಅಂತ. ಅವರಿಗೆ ಈ 12.7% ತೋರಿಸಬೇಕು.

ಅದೇ ಪರೀಕ್ಷೆ, ಇನ್ನೊಂದು ತಂಡ

2024ರ ಅಕ್ಟೋಬರ್‌ನಲ್ಲಿ ಆಂಥ್ರೊಪಿಕ್ ಕಂಪನಿ ಅದೇ ಸಮಸ್ಯೆಗಳ ಪರಿಶೀಲಿಸಿದ 500ರ ಪಟ್ಟಿಯಲ್ಲಿ 49% ಬಿಡಿಸಿದ್ದಾಗಿ ಹೇಳಿತು. ಮಾಡೆಲ್ ಹೊಸ ಕ್ಲಾಡ್ 3.5 ಸಾನೆಟ್. ಪಟ್ಟಿಯೂ ಬೇರೆ, ಮಾಡೆಲೂ ಬೇರೆ, ಹಾಗಾಗಿ 18ರ ಪಕ್ಕ 49 ಇಟ್ಟು ಹೋಲಿಸುವುದು ಸರಿಯಲ್ಲ. ನನಗೆ ಮುಖ್ಯ ಅನಿಸಿದ್ದು ಬೇರೆ: ಅವರು ಕೊಟ್ಟ ಟೂಲ್ ಎರಡೇ, ಮತ್ತು ಎರಡರ ವಿವರಣೆಯನ್ನೂ ಅಕ್ಷರ ಬಿಡದೆ ಪ್ರಕಟಿಸಿದರು.

ಒಂದು ಬ್ಯಾಷ್, ಅಂದರೆ ಟರ್ಮಿನಲ್‌ನಲ್ಲಿ ಕಮಾಂಡ್ ಓಡಿಸುವ ಶೆಲ್. ಅದು ತೆಗೆದುಕೊಳ್ಳುವುದು ಕಮಾಂಡ್ ಒಂದನ್ನೇ. ವಿವರಣೆ ಮಾತ್ರ ಉದ್ದ. ಬ್ಯಾಷ್ ಅಂದರೇನು ಅಂತ ಅದರಲ್ಲಿ ಒಂದು ಪದವೂ ಇಲ್ಲ. ಇರುವುದೆಲ್ಲ ಈ ಬ್ಯಾಷ್ ಎಲ್ಲಿ ಬೇರೆ ಅನ್ನುವುದು. ಇಲ್ಲಿಂದ ಇಂಟರ್ನೆಟ್ ಸಿಗುವುದಿಲ್ಲ. ಆದರೆ ತಂತ್ರಾಂಶ ಹಾಕಿಕೊಳ್ಳುವ ಕಮಾಂಡ್‌ಗಳಾದ ಪಿಪ್, ಆಪ್ಟ್ ಮೂಲಕ ಸಾಮಾನ್ಯ ಪ್ಯಾಕೇಜ್‌ಗಳು ಸಿಗುತ್ತವೆ. ಒಂದು ಕಮಾಂಡ್‌ನಲ್ಲಿ ಮಾಡಿದ ಬದಲಾವಣೆ ಮುಂದಿನ ಕಮಾಂಡ್‌ಗೂ ಉಳಿಯುತ್ತದೆ. ಫೈಲ್‌ನ 10ರಿಂದ 25ನೇ ಸಾಲು ನೋಡಬೇಕಿದ್ದರೆ ಸೆಡ್ ಹೀಗೆ ಬಳಸಿ. ಭಾರಿ ಔಟ್‌ಪುಟ್ ಸುರಿಯುವ ಕಮಾಂಡ್ ಬೇಡ. ತುಂಬಾ ಹೊತ್ತು ಓಡುವುದನ್ನು ಹಿನ್ನೆಲೆಯಲ್ಲಿ ಓಡಿಸಿ.

ಎರಡನೆಯದು ಫೈಲ್ ಎಡಿಟ್ ಮಾಡುವ ಟೂಲ್. ಇದರಲ್ಲಿ ಸಾಲಿನ ಸಂಖ್ಯೆ ಕೊಟ್ಟು ಅಳಿಸುವ ಪದ್ಧತಿ ಇಲ್ಲ. ಹಳೆಯ ಪಠ್ಯ ಕೊಡಿ, ಅದರ ಜಾಗಕ್ಕೆ ಹೊಸ ಪಠ್ಯ ಕೊಡಿ. ಹಳೆಯದು ಫೈಲ್‌ನಲ್ಲಿ ಇರುವ ಹಾಗೇ, ಸ್ಪೇಸ್ ಸಮೇತ ಹೊಂದಬೇಕು. ಎರಡು ಕಡೆ ಹೊಂದಿದರೆ ಬದಲಾವಣೆ ಆಗುವುದಿಲ್ಲ. ಒಂದೇ ಕಡೆ ಹೊಂದುವಷ್ಟು ಅಕ್ಕಪಕ್ಕದ ಸಾಲುಗಳನ್ನೂ ಸೇರಿಸಿ. ಈ ನಿಯಮಗಳೆಲ್ಲ ವಿವರಣೆಯಲ್ಲಿ ಮೊದಲೇ ಇವೆ. ಸಾಲಿನ ಸಂಖ್ಯೆಯಲ್ಲಿ ಒಂದು ತೊಂದರೆ ಇದೆ, ನೋಡಿ. ಮೇಲೆ ಎರಡು ಸಾಲು ಸೇರಿಸಿದ ಕೂಡಲೇ ಕೆಳಗಿನ ಸಂಖ್ಯೆಗಳೆಲ್ಲ ಹಳತಾಗುತ್ತವೆ. ಪಠ್ಯ ಹಳತಾಗುವುದಿಲ್ಲ.

ಆಮೇಲೆ ಆ ವರ್ಷದ ಡಿಸೆಂಬರ್‌ನಲ್ಲಿ ಅವರೇ ಬರೆದುಕೊಂಡ ಒಂದು ಸಂಗತಿ. ಏಜೆಂಟ್ ಬೇರೆ ಫೋಲ್ಡರ್‌ಗೆ ಹೋದ ಮೇಲೆ ಅರ್ಧ ಪಾಥ್ (ಫೈಲ್ ಇರುವ ಜಾಗದ ವಿಳಾಸ) ಕೊಟ್ಟು ಎಡವುತ್ತಿತ್ತು. ‘ನೀನು ಈಗ ಯಾವ ಫೋಲ್ಡರ್‌ನಲ್ಲಿದ್ದೀಯ ಅಂತ ಗಮನಿಸು’ ಅಂತ ವಿವರಣೆಯಲ್ಲಿ ಬುದ್ಧಿ ಹೇಳಬಹುದಿತ್ತು. ಅವರು ಟೂಲನ್ನೇ ಬದಲಿಸಿದರು: ಯಾವಾಗಲೂ ರೂಟ್‌ನಿಂದ, ಅಂದರೆ ಎಲ್ಲಕ್ಕಿಂತ ಮೇಲಿನ ಫೋಲ್ಡರ್‌ನಿಂದ, ಪೂರ್ತಿ ಪಾಥ್ ಕೊಡಬೇಕು. ತಪ್ಪು ನಿಂತೇಹೋಯಿತಂತೆ. ಒಟ್ಟಾರೆ ಪ್ರಾಂಪ್ಟ್‌ಗಿಂತ (ಮಾಡೆಲ್‌ಗೆ ಕೊಡುವ ಸೂಚನೆಗಿಂತ) ಟೂಲ್‌ಗಳನ್ನು ತಿದ್ದುವುದಕ್ಕೇ ಹೆಚ್ಚು ಹೊತ್ತು ಹೋಯಿತು ಅಂತಲೂ ಹೇಳಿದ್ದಾರೆ.

ಇದು ಡಾಕ್ಯುಮೆಂಟೇಶನ್ ಬರೆಯುವವರು ಮುಖ್ಯವಾಗಿ ನೋಡಬೇಕಾದ ಜಾಗ. ಏಜೆಂಟ್ ಒಂದೇ ಕಡೆ ಪದೇ ಪದೇ ಎಡವುತ್ತಿದ್ದರೆ ಮೊದಲ ಪ್ರಶ್ನೆ ‘ಇನ್ನೊಂದು ವಾಕ್ಯ ಸೇರಿಸಲೇ’ ಅಂತ ಅಲ್ಲ. ಹೊಸ್ತಿಲು ಎತ್ತರವಾಗಿದ್ದರೆ ಬೋರ್ಡ್ ಹಾಕುವ ಮೊದಲು ಹೊಸ್ತಿಲು ತಗ್ಗಿಸಬಹುದೇ ನೋಡಬೇಕು. ಆಗದಿದ್ದರೆ ಬರೆಯೋಣ.

ನಮ್ಮ ಕೆಲಸಕ್ಕೆ ತಂದರೆ

ಎಲ್ಲರೂ ಕೋಡ್ ತಿದ್ದುವ ಏಜೆಂಟ್ ಕಟ್ಟುತ್ತಿಲ್ಲ. ಬೆಂಗಳೂರಿನ ಆಫೀಸುಗಳಲ್ಲಿ ಈಗ ಜಾಸ್ತಿ ನಡೆಯುತ್ತಿರುವುದು ಇರುವ ಎಪಿಐಗಳನ್ನೇ (ಒಂದು ತಂತ್ರಾಂಶ ಇನ್ನೊಂದರಿಂದ ಕೆಲಸ ಮಾಡಿಸಿಕೊಳ್ಳುವ ದಾರಿ) ಟೂಲ್ ಮಾಡಿ ಏಜೆಂಟ್‌ಗೆ ಒಪ್ಪಿಸುವ ಕೆಲಸ. ಅಲ್ಲಿ ಇದೇ ಪಾಠ ಬೇರೆ ವೇಷದಲ್ಲಿ ಬರುತ್ತದೆ.

ದುಡ್ಡಿನ ಉದಾಹರಣೆ ತೆಗೆದುಕೊಳ್ಳಿ. ಬೆಂಗಳೂರಿನದೇ ಕಂಪನಿ ರೇಜರ್‌ಪೇನ ಎಪಿಐ ಮೊತ್ತವನ್ನು ರೂಪಾಯಿಯಲ್ಲಿ ಕೇಳುವುದಿಲ್ಲ, ಪೈಸೆಯಲ್ಲಿ ಕೇಳುತ್ತದೆ. 299 ರೂಪಾಯಿ ಪಡೆಯಬೇಕಿದ್ದರೆ 29900 ಕಳಿಸಬೇಕು. ಅವರ ಡಾಕ್ಯುಮೆಂಟೇಶನ್‌ನಲ್ಲಿ ಇದನ್ನು ಉದಾಹರಣೆ ಸಮೇತ ಸ್ಪಷ್ಟವಾಗಿ ಹೇಳಿದ್ದಾರೆ. ಆದರೆ ಅಂಥ ಎಪಿಐ ಮೇಲೆ ನಾವೊಂದು ಟೂಲ್ ಕಟ್ಟಿ, ಅದರ ವಿವರಣೆಯಲ್ಲಿ ‘ಮೊತ್ತ: ಸಂಖ್ಯೆ’ ಅಂತ ಮಾತ್ರ ಬರೆದೆವು ಅಂತಿಟ್ಟುಕೊಳ್ಳಿ. ಬಳಕೆದಾರರು 299 ರೂಪಾಯಿ ಅಂದರೆ ಏಜೆಂಟ್ 299 ಕಳಿಸುತ್ತದೆ. ಎಪಿಐ ಒಪ್ಪಿಕೊಳ್ಳುತ್ತದೆ, ಯಾಕೆಂದರೆ ಅದೂ ಸರಿಯಾದ ಸಂಖ್ಯೆಯೇ. ಬಿಲ್ ಆಗುವುದು 2 ರೂಪಾಯಿ 99 ಪೈಸೆ. ಎಲ್ಲೂ ಎರರ್ ಇಲ್ಲ, ಲಾಗ್‌ನಲ್ಲಿ ಎಲ್ಲ ಹಸಿರು.

ಸ್ವೀ-ಏಜೆಂಟ್ ತಂಡ ಇದನ್ನು ಹೇಗೆ ಬಿಡಿಸುತ್ತಿತ್ತು ಅಂತ ಊಹಿಸಬಹುದು. ಆ ಇನ್‌ಪುಟ್‌ನ ಹೆಸರನ್ನೇ ‘ಮೊತ್ತ_ಪೈಸೆಯಲ್ಲಿ’ ಅಂತ ಮಾಡುವುದು. ವಿವರಣೆಯಲ್ಲಿ 299 ರೂಪಾಯಿಗೆ 29900 ಎಂಬ ಒಂದು ಉದಾಹರಣೆ. ಟೂಲ್‌ನ ಉತ್ತರದಲ್ಲಿ ‘ರೂ. 299.00ಕ್ಕೆ ಆರ್ಡರ್ ಆಗಿದೆ’ ಎಂಬ ವಾಕ್ಯ. ಮೂರರಲ್ಲಿ ಒಂದನ್ನೇ ಆರಿಸು ಅಂದರೆ ನಾನು ಕೊನೆಯದನ್ನು ಆರಿಸುತ್ತೇನೆ. ತಪ್ಪು ಸಂಖ್ಯೆ ಹೋಗಿದ್ದರೆ ಏಜೆಂಟ್‌ಗೆ ಕಣ್ಣಿಗೆ ಬೀಳುವುದು ಅಲ್ಲೇ.

ತಾರೀಖೂ ಹಾಗೇ. 03/04/2025 ಅಂದರೆ ನಮಗೆ ಏಪ್ರಿಲ್ ಮೂರು, ಅಮೆರಿಕದವರಿಗೆ ಮಾರ್ಚ್ ನಾಲ್ಕು. ವರ್ಷ-ತಿಂಗಳು-ದಿನ ಅಂತ ಕ್ರಮ ಹೇಳಿ, ಬೇರೆ ರೀತಿ ಬಂದರೆ ಟೂಲ್ ಒಪ್ಪಿಕೊಳ್ಳಲೇಬಾರದು. ಒಪ್ಪದಿದ್ದಾಗ ಬರುವ ಎರರ್ ‘400, ತಪ್ಪು ಇನ್‌ಪುಟ್’ ಅಂತ ಇರಬಾರದು. ‘03/04/2025 ಅರ್ಥವಾಗಲಿಲ್ಲ, 2025-04-03 ಥರ ಬರೆಯಿರಿ’ ಅಂತ ಇರಬೇಕು. ಇದರ ಬಗ್ಗೆ ಇನ್ನೇನೂ ಹೇಳುವುದಿಲ್ಲ.

ಪ್ರಕರಣದ ಇನ್ನೊಂದು ಮುಖ

ಈ ಪ್ರಕರಣವನ್ನು ಇಲ್ಲಿಗೆ ನಿಲ್ಲಿಸಿದರೆ ಅರ್ಧ ಸತ್ಯ ಹೇಳಿದಂತೆ. 2025ರಲ್ಲಿ ಅದೇ ತಂಡ ಮಿನಿ-ಸ್ವೀ-ಏಜೆಂಟ್ ಹೊರತಂದಿತು. ಅದರ ಮುಖ್ಯ ಭಾಗ ಸುಮಾರು 100 ಸಾಲು ಪೈಥಾನ್. ಗೋಟು ಇಲ್ಲ, ಎಡಿಟ್ ಇಲ್ಲ, ಹುಡುಕಾಟದ ಟೂಲ್ ಇಲ್ಲ. ಬ್ಯಾಷ್ ಒಂದೇ. ಅಂದರೆ ಎಲ್ಲಿ 11% ಬಂದಿತ್ತೋ ಅದೇ ಟರ್ಮಿನಲ್. ಹೊಸ ಮಾಡೆಲ್‌ಗಳನ್ನು ಅದಕ್ಕೆ ಹಚ್ಚಿದಾಗ 500ರ ಪಟ್ಟಿಯಲ್ಲಿ 65% ಬಿಡಿಸಿತು.

ಹಾಗಾದರೆ ಇಷ್ಟೆಲ್ಲ ಮಾಡಿದ್ದು ವ್ಯರ್ಥವೇ ಅಂತ ಕೇಳುವವರಿದ್ದಾರೆ. ಮಾಡೆಲ್ ಚುರುಕಾದರೆ ವಿವರಣೆ ತಾನಾಗೇ ಬೇಡವಾಗುತ್ತದೆ ಎಂಬ ವಾದ ನಾನೂ ಆಗಾಗ ಕೇಳುತ್ತೇನೆ. ಬ್ಯಾಷ್ ವಿಷಯದಲ್ಲಿ ಅದು ನಿಜ. ಬ್ಯಾಷ್ ಬಗ್ಗೆ ಜನ ದಶಕಗಳಿಂದ ಬರೆದದ್ದೆಲ್ಲ ತರಬೇತಿಯ ಹೊತ್ತಿಗೇ ಮಾಡೆಲ್ ಒಳಗೆ ಸೇರಿದೆ. ಅದರ ಮ್ಯಾನ್ಯುಯಲ್ ಕೊಡುವುದು ಅನವಶ್ಯಕ. ನಿಮ್ಮ ಆಫೀಸಿನ ಲೀವ್ ಪೋರ್ಟಲ್‌ನ ಎಪಿಐ ಬಗ್ಗೆ ಯಾರೂ ಎಲ್ಲೂ ಬರೆದಿಲ್ಲ. ಅಲ್ಲಿ ‘ಸ್ಟೇಟಸ್ 3’ ಅಂದರೆ ಮ್ಯಾನೇಜರ್ ಒಪ್ಪಿದ್ದಾರೆ, ಎಚ್‌ಆರ್ ಇನ್ನೂ ಒಪ್ಪಿಲ್ಲ ಅಂತ ಅರ್ಥ ಎಂಬುದು ಹಳೆಯ ಇಬ್ಬರು ಉದ್ಯೋಗಿಗಳ ತಲೆಯಲ್ಲಿ ಮಾತ್ರ ಇರುತ್ತದೆ. ಎಷ್ಟೇ ಚುರುಕಾದ ಮಾಡೆಲ್ ಆದರೂ ಅದನ್ನು ಊಹಿಸಲಾರದು. ಊಹಿಸಿದರೆ ಇನ್ನೂ ಕಷ್ಟ.

ಮಿನಿಯ ಸೂಚನೆಗಳನ್ನು ತೆರೆದು ನೋಡಿದರೆ ಅಲ್ಲೂ ಕೆಲವು ಸಾಲು ಉಳಿದುಕೊಂಡಿವೆ. ಪ್ರತಿ ಕಮಾಂಡ್ ಹೊಸ ಶೆಲ್‌ನಲ್ಲಿ ಓಡುತ್ತದೆ, ಫೋಲ್ಡರ್ ಬದಲಿಸಿದ್ದು ಮುಂದಿನ ಕಮಾಂಡ್‌ಗೆ ಉಳಿಯುವುದಿಲ್ಲ, ಬೇಕಿದ್ದರೆ ಪ್ರತಿ ಸಲ ಕಮಾಂಡ್‌ನ ಮುಂದೆ ಸೇರಿಸಿ ಅಂತ ಒಂದು. ಔಟ್‌ಪುಟ್ ತುಂಬಾ ಉದ್ದವಾದರೆ ಅದರ ಮೊದಲನ್ನೂ ಕೊನೆಯನ್ನೂ ಮಾತ್ರ ಮಾಡೆಲ್‌ಗೆ ತೋರಿಸುತ್ತದೆ, ಜೊತೆಗೆ ಕಡಿಮೆ ಬರುವ ಹಾಗೆ ಬೇರೆ ಕಮಾಂಡ್ ಕೊಡಿ ಎಂಬ ಸೂಚನೆ ಮತ್ತೊಂದು. ಓಡುತ್ತಿರುವುದು ಮ್ಯಾಕ್ ಮೇಲೆ ಅಂದರೆ ಇನ್ನೊಂದು ಸಾಲು ತಾನಾಗಿ ಸೇರುತ್ತದೆ: ಇಲ್ಲಿ ಸೆಡ್‌ನ ಮೈನಸ್ ಐ ಆಯ್ಕೆಯ ನಂತರ ಒಂದು ಜೋಡಿ ಖಾಲಿ ಉದ್ಧರಣ ಚಿಹ್ನೆ ಹಾಕಬೇಕು.